ಬೇಸಿಗೆಯಲ್ಲಿ ಹೊಳೆ ಓದುವುದು

ವಾರ್ಷಿಕ ಪರೀಕ್ಷೆ ಮುಗಿದು ಸೂಟಿ ಬಿಟ್ಟೊಡನೆ ಮನೆ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಈ ವರ್ಷ ಎಲ್ಲಿಗೆ? ಯುರೋಪಿನ ಹಳೆಯ ಪಟ್ಟಣಗಳು, ನದಿದಂಡೆಯ ಹಳ್ಳಿಗಳು, ಸೇತುವೆ, ಕೋಟೆ, ಇಗರ್ಜಿಗಳ ಬಣ್ಣದ ಚಿತ್ರಗಳನ್ನು ನೋಡಿದ ಮಕ್ಕಳು ಅಂಥದ್ದು ಇಲ್ಲೇನಿದೆ ಎಂದು ಕೇಳುವುದುಂಟು. ಗೋಕಾಕ, ಹುಕ್ಕೇರಿ, ಮೂಡಲಗಿ ತಾಲ್ಲೂಕುಗಳ ಮಕ್ಕಳಂತೂ ಹೀಗೆ ಕೇಳಬೇಕಾಗಿಲ್ಲ. ಹಳೆಯ ಪಟ್ಟಣ, ನದಿದಂಡೆಯ ಹಳ್ಳಿ, ಗುಮ್ಮಟ, ತೂಗುಸೇತುವೆ, ಜಲಪಾತ, ಎಲ್ಲವೂ ಎರಡು ದಿನದ ಬಸ್ ಪ್ರಯಾಣದೊಳಗೆ ಇವೆ. ಆದರೆ ಒಂದು ಮಾತು. ಅವರ ಬೇಸಿಗೆ ಬೇರೆ, ಇಲ್ಲಿಯ ಬೇಸಿಗೆ ಬೇರೆ.

ಯುರೋಪಿನಲ್ಲಿ ಬೇಸಿಗೆ ಎಂದರೆ ಜೂನ್‌ನಿಂದ ಆಗಸ್ಟ್. ಆಗ ಆಲ್ಪ್ಸ್ ಪರ್ವತಗಳ ಹಿಮ ಕರಗಿ ರೈನ್ ನದಿ ತುಂಬಿ ಹರಿಯುತ್ತದೆ. ಸ್ವಿಟ್ಜರ್ಲೆಂಡಿನ ಶಾಫ್‌ಹೌಸನ್ ಬಳಿ ಇರುವ ರೈನ್ ಜಲಪಾತದಲ್ಲಿ ಚಳಿಗಾಲದಲ್ಲಿ ಸೆಕೆಂಡಿಗೆ ಸರಾಸರಿ 250 ಘನ ಮೀಟರು ನೀರು ಬಿದ್ದರೆ, ಬೇಸಿಗೆಯಲ್ಲಿ ಅದು 600 ಘನ ಮೀಟರಿಗೆ ಏರುತ್ತದೆ. ಘಟಪ್ರಭೆಗೆ ಹಿಮವಿಲ್ಲ. ಅದರ ತವರು ಸಹ್ಯಾದ್ರಿ; ಅದಕ್ಕೆ ನೀರು ಕೊಡುವುದು ಮುಂಗಾರು ಮಳೆ. ಹೀಗಾಗಿ ಏಪ್ರಿಲ್-ಮೇ ತಿಂಗಳಲ್ಲಿ ಗೋಕಾಕ ಜಲಪಾತ ಬಂಡೆಗಲ್ಲಿನ ಮೇಲೆ ಇಳಿಯುವ ತೆಳ್ಳನೆಯ ನೀರಾಗಿ ಉಳಿಯುತ್ತದೆ, ಕೆಲವೊಮ್ಮೆ ಅದೂ ಇರುವುದಿಲ್ಲ. ಜುಲೈ-ಆಗಸ್ಟ್ ತಿಂಗಳಲ್ಲಿ ಅದೇ ಜಾಗ ಕಿವಿ ಗಡಚಿಕ್ಕುವಂತೆ ಭೋರ್ಗರೆಯುತ್ತದೆ. ಎರಡು ಜಲಪಾತಗಳೂ ತುಂಬುವುದು ಹೆಚ್ಚು ಕಡಿಮೆ ಒಂದೇ ತಿಂಗಳಲ್ಲಿ. ಆದರೆ ಒಂದಕ್ಕೆ ಕಾರಣ ಬಿಸಿಲು, ಇನ್ನೊಂದಕ್ಕೆ ಕಾರಣ ಮಳೆ.

ಅಂಕಿಗಳಲ್ಲಿ ನೋಡಿದರೆ ಗೋಕಾಕದ್ದು ಸಣ್ಣ ಜಲಪಾತವೇನಲ್ಲ. ರೈನ್ ಜಲಪಾತದ ಎತ್ತರ 23 ಮೀಟರು, ಅಗಲ 150 ಮೀಟರು. ಗೋಕಾಕ ಜಲಪಾತದ ಎತ್ತರ 52 ಮೀಟರು. ಹೊಳೆ ತುಂಬಿದಾಗ ಅದರ ಅಗಲ 177 ಮೀಟರು. ಅದರ ಅಂಚು ಕುದುರೆಯ ಲಾಳದಂತೆ ಬಾಗಿದೆ. ಹಾಗಿದ್ದರೆ ನೀರಿಲ್ಲದ ಬೇಸಿಗೆಯಲ್ಲಿ ಅಲ್ಲಿಗೆ ಏಕೆ ಹೋಗಬೇಕು? ನೀರು ತುಂಬಿದಾಗ ಕಾಣದ್ದು ಆಗ ಕಾಣುತ್ತದೆ, ಅದಕ್ಕೇ ಹೋಗಬೇಕು. ಮಳೆಗಾಲದಲ್ಲಿ ಜಲಪಾತ ಕಾಣುತ್ತದೆ; ಬೇಸಿಗೆಯಲ್ಲಿ ಜಲಪಾತ ಹೇಗಾಯಿತು ಎಂಬುದು ಕಾಣುತ್ತದೆ.

ಅಲ್ಲಿಯ ಬಂಡೆ ಮರಳುಗಲ್ಲು. ಭೂಗರ್ಭ ಶಾಸ್ತ್ರಜ್ಞರು ಇದನ್ನು ಕಲಾದಗಿ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ನೆಲದ ಮೇಲೆ ಗಿಡಮರಗಳು ಹುಟ್ಟುವುದಕ್ಕೂ ಬಹಳ ಹಿಂದೆ ನೀರಿನ ತಳದಲ್ಲಿ ಪದರು ಪದರಾಗಿ ಕೂತ ಮರಳು ಒತ್ತಡಕ್ಕೆ ಸಿಕ್ಕು ಕಲ್ಲಾಯಿತು. ಕಡಿದಾದ ಗೋಡೆಯಲ್ಲಿ ಆ ಪದರುಗಳು ಪುಸ್ತಕದ ಹಾಳೆಗಳಂತೆ ಕಾಣುತ್ತವೆ. ಗಟ್ಟಿ ಪದರು ಮೇಲೆ ಉಳಿದು, ಕೆಳಗಿನ ಮೆತ್ತನೆಯ ಪದರು ಸವೆದಾಗ, ಆಧಾರ ತಪ್ಪಿದ ಮೇಲಿನ ಕಲ್ಲು ಮುರಿದು ಬೀಳುತ್ತದೆ. ಹೀಗೆ ಜಲಪಾತಗಳು ಯುಗಯುಗಗಳಲ್ಲಿ ಹಿಂದೆ ಹಿಂದೆ ಸರಿಯುತ್ತವೆ. ಹೊಳೆಯ ಹಾಸುಗಲ್ಲಿನಲ್ಲಿ ದುಂಡನೆಯ ಗುಂಡಿಗಳಿದ್ದರೆ ಮಕ್ಕಳು ಗಮನಿಸಬೇಕು. ಸುಳಿಗೆ ಸಿಕ್ಕ ಬೆಣಚುಕಲ್ಲು ಒಂದೇ ಕಡೆ ತಿರುಗಿ ತಿರುಗಿ ಕೊರೆದ ಗುಂಡಿಗಳವು. ಒರಳು ಕೆತ್ತಿದವರು ಯಾರು ಎಂದು ಕೇಳಿದರೆ ಉತ್ತರ: ಹೊಳೆ.

ಮಳೆಗಾಲದ ಜಲಪಾತದ ಬಲವೆಷ್ಟು? ಎಂಟು-ಒಂಬತ್ತನೆಯ ತರಗತಿಯ ಗಣಿತ ಸಾಕು. ಸೆಕೆಂಡಿಗೆ ಒಂದು ಘನ ಮೀಟರು, ಅಂದರೆ 1000 ಕಿಲೋಗ್ರಾಂ ನೀರು 52 ಮೀಟರು ಕೆಳಗೆ ಬಿದ್ದರೆ 1000 × 9.8 × 52, ಅಂದರೆ ಸುಮಾರು 5 ಲಕ್ಷ 10 ಸಾವಿರ ಜೂಲ್ ಶಕ್ತಿ ದೊರೆಯುತ್ತದೆ. ಇದು 510 ಕಿಲೋವಾಟ್. ಇದೇ ಬಲವನ್ನು ಕಂಡು 19ನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಹತ್ತಿ ನೂಲಿನ ಗಿರಣಿ ಕಟ್ಟಿದರು. 1887ರ ಹೊತ್ತಿಗೆ ಬೀಳುವ ನೀರು ಗಿರಣಿಗೆ ದುಡಿಯತೊಡಗಿತ್ತು. ಹೊಳೆಯ ಆಚೆ ಈಚೆ ಹೋಗಲು ಕಟ್ಟಿದ ತೂಗುಸೇತುವೆಯ ಉದ್ದ ಸುಮಾರು 200 ಮೀಟರು. ದಂಡೆಯ ಮೇಲೆ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇವಾಲಯವಿದೆ. ದೇವಾಲಯ, ಗಿರಣಿ, ಸೇತುವೆ ಮೂರೂ ಒಂದೇ ಕಲ್ಲಿನ ಅಂಚಿಗೆ ಕೂಡಿದ ಇಂಥ ಜಾಗ ಯುರೋಪಿನಲ್ಲಿದ್ದರೂ ಜನ ಹುಡುಕಿಕೊಂಡು ಹೋಗುತ್ತಿದ್ದರು.

ಜೂಲ್ ಎಂಬ ಹೆಸರು ಬಂದಿತು. ಅದಕ್ಕೊಂದು ಪ್ರವಾಸದ ಕಥೆಯಿದೆ. ಇಂಗ್ಲೆಂಡಿನ ಜೇಮ್ಸ್ ಜೂಲ್ 1847ರ ಬೇಸಿಗೆಯಲ್ಲಿ ಮದುವೆಯಾಗಿ ಹೆಂಡತಿಯೊಡನೆ ಆಲ್ಪ್ಸ್ ಸೀಮೆಗೆ ಹೋದ. ಅಲ್ಲಿ ದಾರಿಯಲ್ಲಿ ಭೆಟ್ಟಿಯಾದಾಗ ಅವನ ಕೈಯಲ್ಲಿ ಉದ್ದನೆಯ ಉಷ್ಣಮಾಪಕವಿತ್ತು ಎಂದು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್ ನೆನಪಿಸಿಕೊಂಡಿದ್ದಾನೆ. ಬಿದ್ದ ನೀರಿನ ಚಲನಶಕ್ತಿ ಶಾಖವಾಗಬೇಕು, ಹಾಗಾದರೆ ಜಲಪಾತದ ಬುಡದ ನೀರು ತುದಿಯ ನೀರಿಗಿಂತ ತುಸು ಬೆಚ್ಚಗಿರಬೇಕು ಎಂಬುದು ಜೂಲ್‌ನ ತರ್ಕ. ನೀರು ತುಂತುರಾಗಿ ಚದುರಿದ್ದರಿಂದ ಅಲ್ಲಿ ಅಳತೆ ಕೈಗೂಡಲಿಲ್ಲ. ಆದರೆ ತರ್ಕ ಸರಿಯಾಗಿತ್ತು. ಗೋಕಾಕಕ್ಕೆ ಲೆಕ್ಕ ಹಾಕಿದರೆ ಏರಿಕೆ ಒಂದು ಡಿಗ್ರಿ ಸೆಲ್ಸಿಯಸ್‌ನ ಎಂಟರಲ್ಲೊಂದು ಪಾಲು ಮಾತ್ರ. ಪ್ರವಾಸಕ್ಕೆ ಹೋಗುವಾಗ ಚಕ್ಕಲಿ, ಚೂಡಾದ ಡಬ್ಬಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಕಟ್ಟಿಕೊಂಡು ಹೋದರೆ ಆ ಪ್ರವಾಸ ಬೇರೆಯೇ ಆಗುತ್ತದೆ.

ಹುಕ್ಕೇರಿಗೆ ಹೋದವರು ಊರಿನ ಹಳೆಯ ಗುಮ್ಮಟಗಳನ್ನು ಮಧ್ಯಾಹ್ನದ ಉರಿಬಿಸಿಲಿನಲ್ಲಿಯೇ ನೋಡಬೇಕು. ಇವು ವಿಜಾಪುರದ ಆದಿಲ್‌ಶಾಹಿ ಕಾಲದ ಕಟ್ಟಡಗಳು. ಒಳಗೆ ಕಾಲಿಟ್ಟೊಡನೆ ತಂಪು. ದಪ್ಪ ಕಲ್ಲಿನ ಗೋಡೆ ಹಗಲಿನ ಶಾಖವನ್ನು ಹೀರಿಕೊಂಡು ಒಳಗೆ ಬಿಡಲು ಬಹಳ ತಾಸು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ರಾತ್ರಿಯಾಗಿ ಹೊರಗೆ ತಂಪಾಗುತ್ತದೆ. ಯುರೋಪಿನ ಕಲ್ಲಿನ ಇಗರ್ಜಿಗಳಲ್ಲಿ ಪ್ರವಾಸಿಗರಿಗೆ ಸಿಗುವ ತಂಪಿಗೂ ಕಾರಣ ಇದೇ. ಶಾಲೆಯ ಉಷ್ಣಮಾಪಕವೊಂದಿದ್ದರೆ ಒಳಗೆ ಎಷ್ಟು, ಹೊರಗೆ ನೆರಳಿನಲ್ಲಿ ಎಷ್ಟು ಎಂದು ಬರೆದುಕೊಳ್ಳಬಹುದು. ಒಂದು ಮೀಟರು ಉದ್ದದ ಕೋಲು ನೆಟ್ಟು ಅದರ ನೆರಳನ್ನೂ ಗುಮ್ಮಟದ ನೆರಳನ್ನೂ ಅಳೆದರೆ, ಏಣಿಯಿಲ್ಲದೆ ಗುಮ್ಮಟದ ಎತ್ತರ ಹೇಳಬಹುದು. ನೆರಳನ್ನು ಗೋಡೆಯ ಬುಡದಿಂದಲ್ಲ, ಗುಮ್ಮಟದ ನಡುವಿನ ನೇರಕ್ಕೆ ಅಳೆಯಬೇಕು ಎಂಬುದನ್ನು ಮರೆಯಬಾರದು. ಹುಕ್ಕೇರಿ ಇನ್ನೊಂದು ಕಾರಣಕ್ಕೂ ಹೆಸರಾದ ಊರು. 1969ರಲ್ಲಿ ಹುಟ್ಟಿದ ಇಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ದೇಶದ ಮೊದಲ ಕೆಲವು ಇಂಥ ಸಂಘಗಳಲ್ಲಿ ಒಂದು. ಹಳ್ಳಿಯ ಜನರೇ ಸದಸ್ಯರಾಗಿ ವಿದ್ಯುತ್ತು ಹಂಚಿಕೊಂಡ ಕಥೆಯನ್ನು ಹಿರಿಯರ ಬಾಯಿಂದ ಕೇಳುವುದೂ ಪ್ರವಾಸದ ಭಾಗವೇ.

ಹುಕ್ಕೇರಿ ತಾಲ್ಲೂಕಿನಲ್ಲಿಯೇ ಹಿಡಕಲ್ ಅಣೆಕಟ್ಟು ಇದೆ. ರಾಜಾ ಲಖಮಗೌಡ ಜಲಾಶಯ ಎಂದು ಇದರ ಹೆಸರು. ಸುಮಾರು 51 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯದಲ್ಲಿ ಹುನ್ನೂರಿನ ವಿಠ್ಠಲ ದೇವಾಲಯ ಮುಳುಗಿದೆ. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಕಾಣಿಸಿಕೊಳ್ಳುತ್ತದೆ. ಜನ ಬಂದು ಕೈಮುಗಿದು ಹೋಗುತ್ತಾರೆ. ಇಟಲಿಯ ಉತ್ತರದ ತುದಿಯಲ್ಲಿ ರೆಶೆನ್ ಎಂಬ ಸರೋವರವಿದೆ. 1950ರಲ್ಲಿ ಅಣೆಕಟ್ಟಿನ ನೀರಿನಲ್ಲಿ ಗ್ರೌನ್ ಎಂಬ ಹಳ್ಳಿ ಮುಳುಗಿತು. 14ನೆಯ ಶತಮಾನದ ಇಗರ್ಜಿಯ ಗೋಪುರವೊಂದು ಮಾತ್ರ ನೀರಿನ ಮೇಲೆ ನಿಂತಿದೆ. ಅದನ್ನು ನೋಡಲು ದೂರದೂರದಿಂದ ಪ್ರವಾಸಿಗರು ಬರುತ್ತಾರೆ. ಎರಡು ಕಡೆಯೂ ಕಥೆ ಒಂದೇ. ಇಲ್ಲಿ ಕೆಳಗಿನ ಹೊಲಗಳಿಗೆ ನೀರು, ಅಲ್ಲಿ ವಿದ್ಯುತ್ತು ಬಂದಿತು; ಮೇಲಿನ ಊರು ನೀರಿಗೆ ಹೋಯಿತು. ಚಿತ್ರ ತೆಗೆದುಕೊಂಡು ಮರಳುವ ಮುನ್ನ ಈ ಎರಡನೆಯ ಮಾತನ್ನು ಮಕ್ಕಳಿಗೆ ತಂದೆ-ತಾಯಿಗಳು ಹೇಳಬೇಕು.

ಅಲ್ಲಿಂದ ಕೆಳಗೆ ಧುಪದಾಳ. 1897ರಲ್ಲಿ ಮುಗಿದ ಇಲ್ಲಿಯ ಒಡ್ಡಿನಿಂದ ಘಟಪ್ರಭಾ ಎಡದಂಡೆ ಕಾಲುವೆ ಹೊರಡುತ್ತದೆ. ಮೂಡಲಗಿ ಸೀಮೆಯ ಕಬ್ಬು, ಗೋವಿನಜೋಳದ ಹಸಿರಿಗೆ ಈ ನೀರೇ ದೊಡ್ಡ ಆಸರೆ. ಒಡ್ಡಿನ ಹಿನ್ನೀರಿನ ಘಟಪ್ರಭಾ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಯುರೋಪಿನ ಬಿಳಿ ಕೊಕ್ಕರೆ ಬರುವುದುಂಟು. ಯುರೋಪಿನ ಹಳ್ಳಿಗಳಲ್ಲಿ ಬೇಸಿಗೆ ಬಂದಾಗ ಮನೆಯ ಹೊಗೆಗೂಡಿನ ಮೇಲೆ ಗೂಡು ಕಟ್ಟುವುದು ಇದೇ ಜಾತಿಯ ಹಕ್ಕಿ. ಅದಕ್ಕೆ ಪಾಸ್‌ಪೋರ್ಟೂ ಬೇಡ, ಸೂಟಿಯೂ ಬೇಡ. ಮೂಡಲಗಿಗೆ ಹೋಗುವ ದಾರಿಯಲ್ಲಿ ಕಲ್ಲೋಳಿ ಇದೆ. ಬೆಳಗಾವಿಯನ್ನು ವೇಣುಗ್ರಾಮ ಎಂದು ಕರೆಯುತ್ತಿದ್ದ ರಟ್ಟ ಅರಸರ ಕಾಲದ, 13ನೆಯ ಶತಮಾನದ ಆರಂಭದ ಜೈನ ಶಾಸನ ಈ ಊರಿನದು. ಎಂಟುನೂರು ವರ್ಷಗಳ ಹಿಂದೆಯೂ ಇಲ್ಲಿ ಬರೆದು ಇಡುವ ಪದ್ಧತಿ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಬರೆದು ಇಡುವ ಈ ಮಾತಿನಲ್ಲಿಯೇ ಯುರೋಪಿನ ನದಿದಂಡೆಯ ಊರುಗಳಿಂದ ಕಲಿಯಬೇಕಾದ ಪಾಠವಿದೆ. ಜರ್ಮನಿಯ ಪಸ್ಸೌ ಪಟ್ಟಣ ಡ್ಯಾನ್ಯೂಬ್, ಇನ್, ಇಲ್ಜ್ ಎಂಬ ಮೂರು ನದಿಗಳ ಸಂಗಮದಲ್ಲಿದೆ. ಅಲ್ಲಿಯ ಪುರಭವನದ ಗೋಪುರದ ಗೋಡೆಯ ಮೇಲೆ ಯಾವ ವರ್ಷ ನೆರೆ ಎಲ್ಲಿಯವರೆಗೆ ಏರಿತ್ತು ಎಂದು ಗೆರೆ ಎಳೆದು ವರ್ಷ ಬರೆದಿದ್ದಾರೆ. 2013ರ ಜೂನ್‌ನಲ್ಲಿ ಬಂದ ನೆರೆ 1501ರ ನಂತರದ ಅತಿ ದೊಡ್ಡದು ಎಂದು ಅವರು ಹೇಳಬಲ್ಲವರಾದದ್ದು ಇಂಥ ದಾಖಲೆಗಳಿಂದಲೇ. ಬರಗಾಲಕ್ಕೂ ಗುರುತುಗಳಿವೆ. ಎಲ್ಬ್ ನದಿಯ ತಳದ ಕೆಲವು ಕಲ್ಲುಗಳ ಮೇಲೆ ನೀರು ತೀರ ಇಳಿದ ವರ್ಷಗಳನ್ನು ಕೆತ್ತಿದ್ದಾರೆ. ಹಸಿವಿನ ಕಲ್ಲು ಎಂದು ಅವುಗಳ ಹೆಸರು. 2018ರಲ್ಲಿಯೂ 2022ರಲ್ಲಿಯೂ ಅವು ಮತ್ತೆ ಕಾಣಿಸಿಕೊಂಡವು.

ಗೋಕಾಕದ ಹತ್ತಿರವೂ ನೀರು ಕೂಡುತ್ತದೆ. ಮೇಲೆ ಹಿರಣ್ಯಕೇಶಿ ಘಟಪ್ರಭೆಯನ್ನು ಸೇರಿದರೆ, ಗೋಕಾಕದ ಬಳಿ ಮಾರ್ಕಂಡೇಯ ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಈ ಹೊಳೆಗಳು ಒಟ್ಟಿಗೆ ಉಕ್ಕಿದಾಗ ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದ ಓಣಿಗಳಿಗೆ ನೀರು ನುಗ್ಗಿತು, ದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಹೊರಬಿದ್ದರು. 2021ರಲ್ಲಿ ಮತ್ತೆ ನೆರೆ ಬಂತು. ಅದೇ ವರ್ಷದ ಜುಲೈನಲ್ಲಿ ಜರ್ಮನಿಯ ಆರ್ ನದಿಯ ಕಣಿವೆಯಲ್ಲಿ, ಪ್ರವಾಸಿಗರು ಮೆಚ್ಚುವ ಸುಂದರ ಹಳ್ಳಿಗಳಲ್ಲಿ, ನೂರಕ್ಕೂ ಹೆಚ್ಚು ಜನ ನೆರೆಗೆ ಬಲಿಯಾದರು. ಅಲ್ಲಿ 1804ರಲ್ಲಿಯೂ 1910ರಲ್ಲಿಯೂ ಭಾರಿ ನೆರೆ ಬಂದಿತ್ತು. ಗೆರೆ ಎಳೆದರೆ ಸಾಲದು, ಎಳೆದ ಗೆರೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಲೂ ಬೇಕು.

ನೆರೆ ಇಳಿದ ಮೇಲೆ ಗೋಡೆಯ ಮೇಲಿನ ಕೆಸರಿನ ಗುರುತು ಕೆಲವು ತಿಂಗಳು ಇರುತ್ತದೆ. ದೀಪಾವಳಿಗೆ ಸುಣ್ಣ ಬಳಿದರೆ ಅದೂ ಹೋಯಿತು. ಹತ್ತು ವರ್ಷ ಕಳೆದು ಅಲ್ಲಿ ಹೊಸದಾಗಿ ಮನೆ ಕಟ್ಟುವವನಿಗೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಹೇಳುವವರಿರುವುದಿಲ್ಲ. ನದಿದಂಡೆಯ ಹಳ್ಳಿಗಳ ವಿದ್ಯಾರ್ಥಿಗಳು ಈ ಸೂಟಿಯಲ್ಲಿ ಮಾಡಬಹುದಾದ ಕೆಲಸ ಇದು. ಅಜ್ಜ-ಅಜ್ಜಿಯರನ್ನು, ಅಂಗಡಿಯವರನ್ನು, ದೇವಸ್ಥಾನದ ಪೂಜಾರಿಯನ್ನು ಕೇಳಿ 2019ರಲ್ಲಿ ನೀರು ಎಷ್ಟು ಮೆಟ್ಟಿಲು ಏರಿತ್ತು ಎಂದು ಬರೆದುಕೊಳ್ಳಬೇಕು. ಇಬ್ಬರ ಮಾತು ಕೂಡದಿದ್ದರೆ ಮೂರನೆಯವರನ್ನು ಕೇಳಬೇಕು. ವಿಜ್ಞಾನದ ಪದ್ಧತಿಯೇ ಅದು. ಕಡೆಗೆ ಹಿರಿಯರ ಮತ್ತು ಪಂಚಾಯಿತಿಯ ಒಪ್ಪಿಗೆ ಪಡೆದು ಶಾಲೆಯ ಗೋಡೆಯ ಮೇಲೋ ಗುಡಿಯ ಕಟ್ಟೆಯ ಮೇಲೋ ಒಂದು ಗೆರೆ, ಒಂದು ವರ್ಷ ಬರೆಸಬೇಕು. ಖರ್ಚು ಒಂದು ಡಬ್ಬಿ ಬಣ್ಣದ್ದು ಮಾತ್ರ.

ಪಾಲಕರಿಗೆ ಎರಡು ಎಚ್ಚರಿಕೆ. ಜಲಪಾತದ ಅಂಚಿಗೆ ಮಕ್ಕಳನ್ನು ಬಿಡಬಾರದು. ಒಣಗಿದಂತೆ ಕಾಣುವ ಪಾಚಿಗಲ್ಲೂ ಜಾರುತ್ತದೆ. ತೂಗುಸೇತುವೆಗೆ ಪ್ರವೇಶ ಇದೆಯೋ ಇಲ್ಲವೋ ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಇನ್ನೊಂದು, ಜೂನ್ ಬಂದ ಮೇಲೆ ಗೋಕಾಕದಲ್ಲಿ ಬಿಸಿಲಿದ್ದರೂ ಹೊಳೆಯಲ್ಲಿ ಇಳಿಯಬಾರದು. ಮಳೆ ಬೀಳುವುದು ಸಹ್ಯಾದ್ರಿಯಲ್ಲಿ, ನೀರು ಏರುವುದು ಇಲ್ಲಿ. ಮರಳುವಾಗ ಗೋಕಾಕದ ಪೇಟೆಯಲ್ಲಿ ಕರದಂಟು ಕೊಳ್ಳುವುದು ಇದ್ದೇ ಇದೆ. ಗಟ್ಟಿಯಾದ ಅಂಟು ಕಾದ ತುಪ್ಪಕ್ಕೆ ಬಿದ್ದೊಡನೆ ಹರಳಿನಂತೆ ಅರಳುವುದು ಏಕೆ ಎಂಬ ಪ್ರಶ್ನೆಯನ್ನು ಮನೆಯ ದಾರಿಗೆ ಇಟ್ಟುಕೊಂಡರಾಯಿತು. ಒಳಗಿನ ತುಸು ತೇವ ಆವಿಯಾಗಿ ಹೊರಗೆ ಒತ್ತುತ್ತದೆ ಎಂಬ ಉತ್ತರವನ್ನು ಮಕ್ಕಳು ಊರು ಮುಟ್ಟುವುದರೊಳಗೆ ತಾವೇ ಹೇಳಿದರೆ, ಪ್ರವಾಸದ ಖರ್ಚು ಹುಟ್ಟಿದಂತೆಯೇ.