ಒಬ್ಬ ಗುಲಾಮ ದೊಡ್ಡವನಾದ್ರ ಗುಲಾಮಗಿರಿ ಹೋದಂಗೇನು?

ನಮ್ಮೂರ ಕಥಿ | ಭಾಗ 6

ಫೋಟೋದಾಗಿರೋದು ನಮ್ಮ ಕಲಬುರಗಿ ಕೋಟೆ. ನಂದೂರದಿಂದ ಬಸ್ ಹತ್ತಿ ಹೋಗಿ ಇದರ ಮುಂದ ಸೆಲ್ಫಿ ತಗೋತೀವಿ, "ಬಹಮನಿ ರಾಜಧಾನಿ, 1347" ಅಂತ ಬರೀತೀವಿ, ಅಲ್ಲಿಗೆ ಮುಗೀತು. ಗುಲಾಮಗಿರಿ ಅಂದ್ರ ಮಾತ್ರ ನಮಗ ಅಮೆರಿಕಾನೇ ನೆನಪಾಗ್ತದ. ಆದ್ರ ಈ ಕೋಟೆಯೊಳಗೂ ಗುಲಾಮರಿದ್ರು.

1397ರಾಗ ಇಲ್ಲಿ ಏನಾತು ಕೇಳ್ರಿ. ತುಘಲ್ಚಿನ್ ಅನ್ನೋ ತುರ್ಕಿ ಗುಲಾಮ, ಸುಲ್ತಾನ ಘಿಯಾಸುದ್ದೀನನ್ನ ಕುರುಡನ್ನಾಗಿ ಮಾಡಿ, ಅವನ ಮಲತಮ್ಮನನ್ನ ಗಾದಿ ಮ್ಯಾಲೆ ಕೂಡಿಸಿದ. ಅದೇ ವರ್ಷ ಫಿರೋಜ್ ಷಾ ಗಾದಿ ಹಿಡಿದ ಮ್ಯಾಲೇ ಇವನ ಆಟ ನಿಂತದ್ದು.

ಇದನ್ನ ಕೇಳಿದವರು, "ನೋಡ್ರಿ, ನಮ್ಮ ಕಡಿ ಗುಲಾಮರು ರಾಜರನ್ನೇ ಆಡಿಸ್ತಿದ್ರು. ಅಷ್ಟೇನು ಕೆಟ್ಟದಿರಲಿಲ್ಲ" ಅಂತಾರ. ನಾ ಒಪ್ಪಂಗಿಲ್ಲ.

ಯಾಕಂದ್ರ, ಮಲಿಕ್ ಅಂಬರ್‌ನ ಕಥಿ ನೋಡ್ರಿ. ಇಥಿಯೋಪಿಯಾದಾಗ ಹುಟ್ಟಿದ ಹುಡುಗ. ಕೈಯಿಂದ ಕೈಗೆ ಮಾರಾಟ ಆಗಿ ದಖ್ಖನಿನ ಅಹಮದನಗರಕ್ಕ ಬಂದ. ಅಲ್ಲಿ ಅವನನ್ನ ಕೊಂಡ ಚಂಗೀಜ್ ಖಾನ್ ತಾನೂ ಒಮ್ಮೆ ಗುಲಾಮನೇ ಆಗಿದ್ದವ! ಯಜಮಾನ ಸತ್ತ ಮ್ಯಾಲೆ ಅಂಬರ್ ಸ್ವತಂತ್ರ ಆದ, ಮುಂದ ಮೊಘಲರನ್ನೇ ತಡೆದು ನಿಲ್ಲಿಸಿದ. ಅವನ ಶೌರ್ಯ ದೊಡ್ಡದು. ಆದ್ರ ಒಬ್ಬ ಮ್ಯಾಲೆ ಹತ್ತಿದ ಅಂತ ಮನುಷ್ಯರನ್ನ ಮಾರೋ ಸಂತಿ ಮುಚ್ಚಲಿಲ್ಲ. ಬಿಡುಗಡೆ ಆದವನೇ ಇನ್ನೊಬ್ಬರನ್ನ ಕೊಂಡ.

ಸುಲ್ತಾನರು ಹೋದ್ರು, ನಿಜಾಮರು ಬಂದ್ರು. ನಮ್ಮ ಕಲಬುರಗಿ ಇದ್ದ ಹೈದರಾಬಾದ್ ರಾಜ್ಯದಾಗ ಜೀತಕ್ಕ 'ಭಾಗೇಲಾ' ಅಂತಿದ್ರು. ಇಲ್ಲಿ ಸಂತಿ ಇಲ್ಲ, ಸರಪಳಿ ಇಲ್ಲ. ಸಾಲದ ಲೆಕ್ಕನೇ ಸರಪಳಿ. 1936ರಾಗ ನಿಜಾಮ ಸರ್ಕಾರ ಭಾಗೇಲಾ ಕರಾರಿಗೆ ಕಾನೂನಿನ ಲಗಾಮು ಹಾಕ್ತು. ಇಡೀ ದೇಶದಾಗ ಜೀತ ರದ್ದಾಗಿದ್ದು 1975ರ ಅಕ್ಟೋಬರ್ 25ಕ್ಕ, ಸುಗ್ರೀವಾಜ್ಞೆಯಿಂದ. 1976ರಾಗ ಅದು ಕಾಯ್ದೆ ಆತು.

ಈ ಕಾಯ್ದೆದು ಒಂದು ಮಾತು ನನಗ ಭಾಳ ದೊಡ್ಡದು ಅನಿಸ್ತದ. ಅದು "ನೀ ಹೋಗು" ಅಂತ ಅಷ್ಟೇ ಹೇಳಂಗಿಲ್ಲ, ಜೀತದ ಸಾಲನೇ ಅಳಿಸಿ ಹಾಕ್ತದ. ಯಜಮಾನನ ದಯೆ ಬೇಕಿಲ್ಲ, ಅವನು ಸಾಯೋ ತನಕ ಕಾಯೋದೂ ಬೇಕಿಲ್ಲ. ಆಮೇಲೂ ಆ ಸಾಲ ವಸೂಲಿ ಮಾಡಿದ್ರ ಅದೇ ಅಪರಾಧ. ಬಿಡುಗಡೆ ಅಂದ್ರ ಇದು.

ಈಗ ನಮ್ಮ ಕಾಲಕ್ಕ ಬರ್ರಿ. ಇಟ್ಟಂಗಿ ಭಟ್ಟಿಗೆ, ಕಬ್ಬು ಕಡಿಯಾಕ ಅಡ್ವಾನ್ಸ್ ತಗೊಂಡು ಹೋಗೋರು ಅದಾರ. ಅಡ್ವಾನ್ಸ್ ತಗೊಂಡೋರೆಲ್ಲ ಜೀತದಾಳು ಅಲ್ಲ. ಆದ್ರ "ಸಾಲ ತೀರೋ ತನಕ ಬಿಟ್ಟು ಹೋಗಂಗಿಲ್ಲ, ಬ್ಯಾರೆ ಕಡಿ ದುಡಿಯಂಗಿಲ್ಲ" ಅಂದ್ರ? ಅದಕ್ಕ ಕಾಯ್ದೆ ಕೊಟ್ಟ ಹೆಸರು ಜೀತನೇ.

ಅಂಥವರು ಕಣ್ಣಿಗೆ ಬಿದ್ರ ರೀಲ್ ಮಾಡಬ್ಯಾಡ್ರಿ, ಅವರ ಮುಖ ಹಾಕಬ್ಯಾಡ್ರಿ. ತಹಶೀಲ್ದಾರರಿಗೋ ಡಿಸಿ ಆಫೀಸಿಗೋ ತಿಳಿಸ್ರಿ. ಬಿಡಿಸೋದು ಕಾಯ್ದೆ ಪ್ರಕಾರ ಅವರ ಕೆಲಸ.

ಮುಂದಿನ ಸಲ ಕೋಟೆ ಮುಂದ ನಿಂತಾಗ ಸುಲ್ತಾನರನ್ನ ನೆನಸ್ರಿ, ಬ್ಯಾಡ ಅನ್ನಂಗಿಲ್ಲ. ಹೆಸರೇ ಉಳೀಲಾರದ ಗುಲಾಮರನ್ನೂ ಒಂದು ನಿಮಿಷ ನೆನಸ್ರಿ.

#ನಮ್ಮೂರಕಥಿ #ಕಲಬುರಗಿ #ನಂದೂರ