ಗುಟ್ಟು ವೈದ್ಯರಿಗೆ ಬೇಡ

ತಾಯಿಗೆ ತಾನು ಗರ್ಭಿಣಿಯೆಂದು ತಿಳಿಯುವ ಮೊದಲೇ, ಸುಮಾರು 6ರಿಂದ 10ನೆಯ ದಿನದೊಳಗೆ, ಭ್ರೂಣದ ಹೊರಪದರದ ಜೀವಕೋಶಗಳು ಗರ್ಭಾಶಯದ ಕೋಶಗಳೊಡನೆ ರಾಸಾಯನಿಕ ಸಂಕೇತಗಳಿಂದ ಮಾತಿಗಿಳಿಯುತ್ತವೆ. ಅವು ಸ್ರವಿಸುವ ಎಚ್‌ಸಿಜಿ ಹಾರ್ಮೋನು ಮುಟ್ಟನ್ನು ತಡೆದು ಗರ್ಭವನ್ನು ಉಳಿಸುತ್ತದೆ. ಮುಂದೆ ಅದೇ ಕೋಶಗಳು ಮಾಸನ್ನು ಕಟ್ಟಿ, ತಾಯಿಯ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಈ ಹೊಂದಾಣಿಕೆ ತಪ್ಪಿದರೆ ಶಿಶುವಿನ ಬೆಳವಣಿಗೆ ಕುಂಠಿತವಾಗಬಹುದು. 20 ವಾರಗಳ ಅನಂತರ ತಾಯಿಯ ರಕ್ತದೊತ್ತಡ ಏರಬಹುದು.

ರಾಜಾಜಿನಗರ, ವಿಜಯನಗರಗಳ ಮನೆಗಳಲ್ಲಿಯೂ ಮೂರು ತಿಂಗಳು ಸುದ್ದಿಯನ್ನು ಗುಟ್ಟಾಗಿಡುವ ರೂಢಿಯುಂಟು. ನೆಂಟರಿಗೆ ಗುಟ್ಟಾಗಿರಲಿ, ವೈದ್ಯರಿಗೆ ಬೇಡ. ಆಯುರ್ವೇದದ ಗರ್ಭಿಣೀ ಪರಿಚರ್ಯೆಯನ್ನು ನಾವು ಗೌರವಿಸುತ್ತೇವೆ. ಆದರೆ ಹಾಲು ತುಪ್ಪಗಳು ರಕ್ತದೊತ್ತಡದ ತಪಾಸಣೆಗೆ ಬದಲಾಗಲಾರವು. ಮುಟ್ಟು ನಿಂತೊಡನೆ ತಪಾಸಣೆ ಮಾಡಿಸಿ, ತಾಯಿ ಕಾರ್ಡ್ ಪಡೆಯಿರಿ. ಹಿಂದಿನ ಬಸಿರಿನಲ್ಲಿ ರಕ್ತದೊತ್ತಡ ಏರಿದ್ದವರು 16 ವಾರ ತುಂಬುವ ಮೊದಲೇ ಪ್ರಸೂತಿ ತಜ್ಞರನ್ನು ಕಾಣಲೇಬೇಕು.