ನೆನಪಿಗೆ ಫೋಟೋ ಸಾಕೇ?

ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟುತ್ತಾರೆ. ತಿಂಗಳೊಳಗೆ ಅದು ಯಾರದೋ ಹುಲ್ಲಿನ ಮೆದೆಗೆ ಹೊದಿಕೆ ಆಗಿರುತ್ತದೆ. ಇದೂ ಒಂದು ನೆನಪೇ?

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿಗೆ ಮಣಲೇರ ಎಂಬ ವೀರ ತನ್ನ ನಾಯಿಗೆ ಕಲ್ಲು ನಿಲ್ಲಿಸಿದ. ನಾಯಿಯ ಹೆಸರು ಕಾಳಿ. ಅದು ಕಾಡುಹಂದಿಯ ಜೊತೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಕಲ್ಲಿನಲ್ಲಿ ಹೆಸರಷ್ಟೇ ಅಲ್ಲ, ಕಾಳಿ ಏನು ಮಾಡಿತು ಅಂತಲೂ ಬರೆದಿದೆ. ಅದಕ್ಕೇ ಸಾವಿರ ವರ್ಷ ಕಳೆದರೂ ನಮಗೆ ಕಾಳಿ ಗೊತ್ತು.

ಹೋದ ವರ್ಷ ನಮ್ಮಜ್ಜಿ ತೀರಿಕೊಂಡರು. ಅವರಿಗೆ ರಾಗಿ ಬೀಸುವ ಪದಗಳು ತುಂಬಾ ಬರುತ್ತಿದ್ದವು. ಗೋಡೆ ಮೇಲಿನ ಫೋಟೋ ಹಾಡುವುದಿಲ್ಲವಲ್ಲ! ಆದ್ದರಿಂದ ಅತ್ತೆಯರನ್ನು ಕೂರಿಸಿಕೊಂಡು, ಅವರಿಗೆ ನೆನಪಿರುವ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಇದುವರೆಗೆ 11 ಆಗಿವೆ.

ಕಲ್ಲು ಕೆತ್ತಿಸಲು ದುಡ್ಡು ಬೇಕು ಅಂತೀರಾ? ನೋಟ್‌ಬುಕ್ಕಿಗೆ ಅಷ್ಟು ಬೇಡ. ನಿಮ್ಮ ತಾತ ಮಾವಿಗೆ ಕಸಿ ಕಟ್ಟುತ್ತಿದ್ದರೆ, ಅವರ ಗಿಡದಿಂದಲೇ ಒಂದು ಕಸಿ ಕಟ್ಟಿ ಬೆಳೆಸಿ. ಅಜ್ಜಿಯ ಸೀರೆಗಳಿದ್ದರೆ ಕೌದಿ ಹೊಲಿಸಿ, ಹೊದ್ದುಕೊಳ್ಳಿ.

ಏನೇ ಮಾಡಿ, ಅವರು ಏನು ಮಾಡುತ್ತಿದ್ದರು ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ. ಹೇಳುವವರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.

— 9ನೇ ತರಗತಿ